ಹೇರೆತ್ತಿನಿಂದ ಕೆಂಪು ಬಸ್ಸಿನವರೆಗೆ: ಚಾರ್ಮಾಡಿಯ ದಾರಿ

ಮಂಗಳೂರು ಮತ್ತು ಚಿಕ್ಕಮಗಳೂರು ನೆರೆಹೊರೆಯ ಎರಡು ಜಿಲ್ಲೆಗಳ ಕೇಂದ್ರಗಳು. ಬಂಟ್ವಾಳ, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ ಮಾರ್ಗವಾಗಿ ಹೋದರೆ ನಡುವಿನ ದೂರ ಸುಮಾರು 150 ಕಿಲೋಮೀಟರ್. ಬಯಲುಸೀಮೆಯಲ್ಲಾಗಿದ್ದರೆ ಇದು ಬೆಳಿಗ್ಗೆ ಹೊರಟು ಕೆಲಸ ಮುಗಿಸಿ ಸಂಜೆಗೆ ಮನೆ ಸೇರುವ ದೂರ. ಆದರೆ ಇಲ್ಲಿ ನಡುವೆ ಘಟ್ಟ ನಿಂತಿದೆ. ಹಾಗಾಗಿ ಈ ಎರಡು ಊರುಗಳ ನಡುವೆ ಓಡಾಡುವವರು ಎಷ್ಟು ದೂರ ಎಂದು ಕೇಳುವುದು ಕಡಿಮೆ. ಮಳೆಗಾಲದಲ್ಲಂತೂ ಮೊದಲ ಪ್ರಶ್ನೆ, "ಘಾಟಿ ತೆರೆದಿದೆಯಾ?"

ಇಂದು ಪ್ರಯಾಣಿಕನ ಮುಂದೆ ಹಲವು ದಾರಿಗಳಿವೆ. ಚಾರ್ಮಾಡಿಯ ರಸ್ತೆ ಎಲ್ಲಕ್ಕಿಂತ ಹತ್ತಿರದ್ದು. ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಬೇಲೂರುಗಳ ಮೂಲಕ ಹೋದರೆ ಸುಮಾರು 40 ಕಿಲೋಮೀಟರ್ ಹೆಚ್ಚಾಗುತ್ತದೆ. ಕಾರ್ಕಳ, ಬಜಗೋಳಿ, ಕುದುರೆಮುಖದ ಕಾಡಿನ ರಸ್ತೆ ಇನ್ನೂ ಸುತ್ತು. ರೈಲಿನಲ್ಲಿ ಸಕಲೇಶಪುರಕ್ಕೋ ಹಾಸನಕ್ಕೋ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಚಿಕ್ಕಮಗಳೂರಿಗೂ 2013ರಲ್ಲಿ ರೈಲು ಬಂದಿತು. ಆದರೆ ಅದು ಕಡೂರಿನ ಕಡೆಯಿಂದ ಬಂದ ರೈಲು. ಅದನ್ನು ನಂಬಿ ಮಂಗಳೂರಿಗೆ ಹೊರಟವನು ಮೊದಲು ಪೂರ್ವಕ್ಕೆ ಹೋಗಿ, ಅರಸೀಕೆರೆ, ಹಾಸನಗಳನ್ನು ಸುತ್ತಿ, ಮತ್ತೆ ಪಶ್ಚಿಮಕ್ಕೆ ಇಳಿಯಬೇಕು.

ಇವುಗಳಲ್ಲಿ ಯಾವುದು ಒಳ್ಳೆಯದು? ಗಡಿಯಾರ ನೋಡಿ ಉತ್ತರ ಹೇಳಿದರೆ ಚಾರ್ಮಾಡಿ ಎನ್ನಬೇಕು. ಆದರೆ ಚರಿತ್ರೆಯನ್ನು ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಈ ದಾರಿಗಳು ಯಾವ ಹೊರೆಗಾಗಿ ಹುಟ್ಟಿದವು? ಯಾರ ಅನುಕೂಲಕ್ಕಾಗಿ ಅಗಲವಾದವು? ಘಟ್ಟದ ದಾರಿಗಳಲ್ಲಿ ಬಹುಪಾಲು ಹುಟ್ಟಿದ್ದು ಸರಕಿಗಾಗಿ. ಮನುಷ್ಯ ಆ ಸರಕಿನ ಹಿಂದೆ ನಡೆದು ಹೋದವನು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಚಾರ್ಮಾಡಿಯನ್ನು ನೋಡಿದರೆ ಅದರ ಇಂದಿನ ಪಾಡು ಹೆಚ್ಚು ಅರ್ಥವಾದೀತು.

ಹೆಗಲು ಮತ್ತು ಹೇರೆತ್ತು

1340ರ ದಶಕದಲ್ಲಿ ಮಂಗಳೂರಿಗೆ ಬಂದ ಪ್ರವಾಸಿ ಇಬ್ನ್ ಬತೂತ, ಅದನ್ನು 'ಮಂಜರೂರ್' ಎಂದು ಕರೆದಿದ್ದಾನೆ. ಫಾರ್ಸ್ ಮತ್ತು ಯಮನ್ ನಾಡುಗಳ ವ್ಯಾಪಾರಿಗಳು ಇಲ್ಲಿ ಬಂದಿಳಿಯುತ್ತಾರೆಂದೂ ಕಾಳುಮೆಣಸು, ಶುಂಠಿ ಹೇರಳವಾಗಿವೆಯೆಂದೂ ಬರೆದಿದ್ದಾನೆ. ಈ ಕರಾವಳಿಯ ಸಂಚಾರದ ಬಗ್ಗೆ ಅವನು ಕೊಡುವ ವಿವರ ನಮಗೆ ಇನ್ನೂ ಉಪಯುಕ್ತ. ಇಲ್ಲಿ ಜನ ಪ್ರಾಣಿಗಳ ಮೇಲೆ ಕುಳಿತು ಪ್ರಯಾಣ ಮಾಡುವುದಿಲ್ಲ, ಕುದುರೆ ಇರುವುದು ಅರಸನ ಬಳಿ ಮಾತ್ರ, ಉಳ್ಳವರು ಪಲ್ಲಕ್ಕಿಯಲ್ಲಿ ಹೋಗುತ್ತಾರೆ, ಇಲ್ಲದವರು ನಡೆಯುತ್ತಾರೆ, ವ್ಯಾಪಾರಿಯ ಸರಕು ಕೂಲಿಯಾಳುಗಳ ಮೈಮೇಲೆ ಸಾಗುತ್ತದೆ ಎಂದು ಅವನು ಹೇಳುತ್ತಾನೆ. ಅಂದರೆ ಆರೂಮುಕ್ಕಾಲು ಶತಮಾನದ ಹಿಂದೆಯೇ ಇಲ್ಲಿ ಸಾರಿಗೆಯಲ್ಲಿ ಆಯ್ಕೆಗಳಿದ್ದವು. ಆದರೆ ಆರಿಸುವ ಸ್ವಾತಂತ್ರ್ಯ ಇದ್ದದ್ದು ಪಲ್ಲಕ್ಕಿಯೊಳಗೆ ಕುಳಿತವನಿಗೆ. ಹೊತ್ತವನಿಗೆ ಇದ್ದದ್ದು ಒಂದೇ ದಾರಿ.

ಮಂಗಳೂರಿನ ಬಂದರಿಗೆ ಬಂದ ಮೆಣಸು, ಏಲಕ್ಕಿಗಳಲ್ಲಿ ಬಹಳಷ್ಟು ಘಟ್ಟದ ಕಡೆಯವು. ಅವು ಇಳಿದು ಬರುತ್ತಿದ್ದುದು ತಲೆಹೊರೆಯಲ್ಲಿ ಅಥವಾ ಹೇರೆತ್ತುಗಳ ಬೆನ್ನ ಮೇಲೆ. ಗಾಡಿ ಹೋಗದ ಕಡಿದಾದ ಕಾಲುದಾರಿಯಲ್ಲಿ ಎರಡೂ ಪಕ್ಕಕ್ಕೆ ಚೀಲ ಹೇರಿಕೊಂಡ ಎತ್ತು ನಿಧಾನವಾಗಿ ಹೆಜ್ಜೆ ಇಡಬಲ್ಲದು. ಹಿಂದಿರುಗುವಾಗ ಅದರ ಬೆನ್ನ ಮೇಲೆ ಉಪ್ಪು, ಒಣಮೀನು, ತೆಂಗಿನಕಾಯಿ. ಘಟ್ಟದ ಮೇಲಿನವರು ಬೇಕಾದ್ದನ್ನೆಲ್ಲ ಬೆಳೆದುಕೊಂಡಾರು, ಆದರೆ ಉಪ್ಪನ್ನು ಬೆಳೆಯಲಾರರು. ಈ ಒಂದು ಕಾರಣ ಸಾಕು, ಎಷ್ಟೇ ಕಡಿದಾಗಿದ್ದರೂ ದಾರಿ ಸವೆಯಲು.

ಈ ವ್ಯಾಪಾರದ ಗುರುತು ಊರುಗಳ ಹೆಸರಿನಲ್ಲಿ ಉಳಿದಿದೆ. ನೇತ್ರಾವತಿ, ಕುಮಾರಧಾರಾ ನದಿಗಳು ಸೇರುವಲ್ಲಿ ಉಪ್ಪಿನಂಗಡಿ. ಘಟ್ಟದ ಬುಡದಲ್ಲಿ ಬೆಳ್ತಂಗಡಿ. ಮೇಲೆ ಮೂಡಿಗೆರೆ ತಾಲೂಕಿನಲ್ಲಿ ಅಂಗಡಿ ಎಂಬ ಹೆಸರಿನದೇ ಊರು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಅದೇ. ಬಲ್ಲಾಳರಾಯನ ದುರ್ಗದ ಬಳಿ ಸುಂಕಸಾಲೆ. ಅಂಗಡಿ ಇದ್ದಲ್ಲಿ ಸುಂಕ ಇರಲೇಬೇಕಲ್ಲವೇ? ಅರಮನೆಗಳ ಚರಿತ್ರೆ ಶಾಸನಗಳಲ್ಲಿ ಸಿಗುತ್ತದೆ. ಹೇರೆತ್ತು ಹೊಡೆದವನ ಚರಿತ್ರೆ ಹುಡುಕುವವರು ಇಂಥ ಹೆಸರುಗಳನ್ನೇ ಓದಬೇಕು.

ಈ ಸಾರಿಗೆಗೆ ತನ್ನದೇ ಪಂಚಾಂಗವಿತ್ತು. ಜೂನ್‌ನಿಂದ ಮಳೆ ಹಿಡಿದರೆ ಘಟ್ಟದ ಹಳ್ಳಗಳು ಉಕ್ಕುತ್ತವೆ, ಕಾಲುದಾರಿ ಜಾರುತ್ತದೆ. ಅದೇ ಹೊತ್ತಿಗೆ ಕಡಲೂ ಕೆರಳುವುದರಿಂದ ಹಾಯಿಹಡಗುಗಳು ದಡ ಸೇರುತ್ತಿದ್ದವು. ಎತ್ತಿಗೂ ಹಡಗಿಗೂ ಒಟ್ಟಿಗೆ ಬಿಡುವು. ಮಳೆ ನಿಂತ ಮೇಲೆ ಎರಡೂ ಒಟ್ಟಿಗೆ ಹೊರಡುತ್ತಿದ್ದವು. ದಾರಿ ಮುಚ್ಚುವುದು ಆಗ ಯಾರಿಗೂ ಸುದ್ದಿಯಾಗಿರಲಿಲ್ಲ, ಅದು ಋತುಮಾನವಾಗಿತ್ತು.

ಗಡಿಯಾದ ಘಟ್ಟ

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಮಂಗಳೂರು ಮತ್ತು ಅದರ ಬೆನ್ನಿನ ಘಟ್ಟದ ನಾಡು ಮೈಸೂರಿನ ಆಡಳಿತಕ್ಕೆ ಬಂದವು. ಮೈಸೂರಿಗೆ ಕಡಲು ಬೇಕಿತ್ತು, ಹಡಗು ಕಟ್ಟಲು ಮರ ಬೇಕಿತ್ತು. ಕಡಲಿಗೂ ರಾಜಧಾನಿಗೂ ನಡುವಿನ ಘಾಟಿಗಳನ್ನು ಕಾಯುವುದು ಆಗ ಸೈನ್ಯದ ಕೆಲಸವೂ ಆಯಿತು. ಬೆಳ್ತಂಗಡಿಯ ಸಮೀಪ ಬರಿಯ ಬಂಡೆಯಂತೆ ಎದ್ದು ನಿಂತಿರುವ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆ ಕಟ್ಟಿಸಿದ. ಅದಕ್ಕೆ ತನ್ನ ತಾಯಿಯ ಹೆಸರಿಟ್ಟು ಜಮಾಲಾಬಾದ್ ಎಂದು ಕರೆದನೆಂದು ಹೇಳುತ್ತಾರೆ. ಇಂದು ಚಾರಣಿಗರು ಮೆಟ್ಟಿಲೆಣಿಸುತ್ತ ಹತ್ತುವ ಈ ಕಲ್ಲಿನ ಮೇಲೆ ನಿಂತರೆ ಕೋಟೆ ಯಾಕೆ ಅಲ್ಲಿದೆ ಎಂಬುದನ್ನು ಯಾರೂ ವಿವರಿಸಬೇಕಿಲ್ಲ. ಒಂದು ಕಡೆ ಘಟ್ಟದ ಸಾಲು, ಇನ್ನೊಂದು ಕಡೆ ಕಡಲಿನತ್ತ ಇಳಿಯುವ ನಾಡು ಕಣ್ಣ ಮುಂದೆಯೇ ಇರುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿ ಕಂಪೆನಿ ಸರಕಾರದ ಪಾಲಾಯಿತು, ಮೇಲಿನ ನಾಡು ಮೈಸೂರು ಅರಸರ ಬಳಿ ಉಳಿಯಿತು. ಘಟ್ಟದ ನೆತ್ತಿ ಎರಡು ಆಡಳಿತಗಳ ಗಡಿಯಾಯಿತು. ಚಾರ್ಮಾಡಿ ಮದರಾಸಿಗೆ, ಕೊಟ್ಟಿಗೆಹಾರ ಮೈಸೂರಿಗೆ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಗುವವರೆಗೆ, ಅಂದರೆ 157 ವರ್ಷ, ಈ ಗಡಿ ಹಾಗೆಯೇ ಇತ್ತು. ಒಂದೇ ಭಾಷೆ ಬಲ್ಲ, ಪರಸ್ಪರ ಹೆಣ್ಣು ಕೊಟ್ಟು ತಂದ ಜನ ಇಷ್ಟು ಕಾಲ ಇಬ್ಬರು ಧಣಿಗಳ ಒಕ್ಕಲಾಗಿದ್ದರು. ಎರಡು ಊರುಗಳ ನಡುವಿನ ರಸ್ತೆ ಯಾರ ಜವಾಬ್ದಾರಿ ಎಂಬ ಪ್ರಶ್ನೆ ಅಂದಿನಿಂದಲೇ ನಮ್ಮ ಬೆನ್ನು ಹತ್ತಿದೆ.

ಕಾಫಿ ಕೊರೆದ ರಸ್ತೆ

ಈ ಗಡಿಯನ್ನು ದಾಟಿಸಿ ರಸ್ತೆಯನ್ನು ಅಗಲ ಮಾಡಿಸಿದ್ದು ಕಾಫಿ. ಬಾಬಾಬುಡನ್ ಎಂಬ ಸೂಫಿ ಸಂತರು ಯಮನ್‌ನ ಮೋಖಾದಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ನಾಡೆಲ್ಲ ಬಲ್ಲ ಐತಿಹ್ಯ. ಅದು 17ನೇ ಶತಮಾನದ ಮಾತು. 19ನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ತೋಟ ಮಾಡಿದ ಮೇಲೆ ಕಾಫಿ ದೊಡ್ಡ ವ್ಯಾಪಾರವಾಯಿತು. ಬೀಜ ಬಂದದ್ದು ಅರಬ್ಬೀ ಕಡಲಿನ ಆಚೆಯಿಂದ, ಬೆಳೆ ಹೋಗಬೇಕಾದದ್ದೂ ಅದೇ ಕಡಲಿನ ಮೇಲೆ. ನಡುವೆ ಇದ್ದದ್ದು ಘಟ್ಟ. ಹೇರೆತ್ತಿನ ಬೆನ್ನಿಗೆ ಈ ಹೊರೆ ಸಾಲದಾಯಿತು, ಎತ್ತಿನಗಾಡಿ ಇಳಿಯುವಂಥ ರಸ್ತೆ ಬೇಕಾಯಿತು. ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ 1831ರಿಂದ 1881ರವರೆಗಿನ ಅವಧಿಯಲ್ಲಿ ಘಾಟಿ ರಸ್ತೆಗಳ ಕೆಲಸಕ್ಕೆ ಒತ್ತು ಸಿಕ್ಕಿತು. ಆಗುಂಬೆ, ಚಾರ್ಮಾಡಿ, ಶಿರಾಡಿ, ಸಂಪಾಜೆಗಳು ಗಾಡಿ ದಾರಿಗಳಾದದ್ದು 19ನೇ ಶತಮಾನದಲ್ಲಿ.

ಆ ಕಾಲದ ಪ್ರಯಾಣದಲ್ಲಿ ಒಂದೇ ವಾಹನ ಕೊನೆತನಕ ಬರುತ್ತಿರಲಿಲ್ಲ. ಘಾಟಿಯವರೆಗೆ ಗಾಡಿ, ಬಂಟ್ವಾಳದಿಂದ ಮುಂದೆ ನೇತ್ರಾವತಿಯಲ್ಲಿ ದೋಣಿ. ಬಂಟ್ವಾಳದ ಪೇಟೆ ನದಿಗೆ ಅಷ್ಟು ಅಂಟಿಕೊಂಡು ಬೆಳೆದದ್ದು ಈ ಕಾರಣಕ್ಕೆ. ಮಂಗಳೂರು ತಲುಪಿದ ಕಾಫಿಯನ್ನು ಅಲ್ಲಿನ ಕಾಫಿ ವರ್ಕ್ಸುಗಳಲ್ಲಿ ಹದ ಮಾಡಿ ಹಡಗಿಗೆ ಹಾಕುತ್ತಿದ್ದರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮೇಲೇರುವ ಗಾಡಿಗಳಿಗೆ ಹೊಸ ಸರಕು ಸಿಕ್ಕಿತು. ಮಲೆನಾಡಿನ ಹುಲ್ಲಿನ ಮಾಡುಗಳು ಕೆಂಪು ಹಂಚಿಗೆ ತಿರುಗಿದ್ದರ ಹಿಂದೆ ಈ ಘಾಟಿಗಳ ಗಾಡಿ ಎತ್ತುಗಳ ಉಸಿರಿದೆ.

ಸರಕಿನ ಜೊತೆಗೆ ಜನ ಹತ್ತಿದರು. ತೋಟಕ್ಕೆ ಆಳು ಬೇಕು. ಮಳೆ ಮುಗಿಯುತ್ತಿದ್ದಂತೆ ಮೇಸ್ತ್ರಿಗಳು ಕರಾವಳಿಗೆ ಇಳಿದು, ಮುಂಗಡ ಕೊಟ್ಟು, ಗುಂಪು ಗುಂಪಾಗಿ ಜನರನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದರು. ಮಲೆನಾಡಿನವರು ಇವರನ್ನು 'ಕನ್ನಡ ಜಿಲ್ಲೆಯವರು' ಎಂದರು, ಕರಾವಳಿಯವರು ಮಲೆನಾಡಿನವರನ್ನು 'ಘಟ್ಟದವರು' ಎಂದರು. ಬೆನ್ನಿಗೆ ಗಂಟು, ಕಂಕುಳಲ್ಲಿ ಮಗು ಹೊತ್ತು ಘಾಟಿ ಹತ್ತಿದ ಈ ಜನರಿಗೆ ಗಾಡಿಯಲ್ಲಿ ಜಾಗವಿರಲಿಲ್ಲ. ಗಾಡಿ ಇದ್ದದ್ದು ಕಾಫಿಗೆ.

ಬ್ಯಾರಿಗಳ ಕತೆಯೂ ಈ ದಾರಿಯಲ್ಲಿಯೇ ಸೇರಿಕೊಂಡಿದೆ. ಬ್ಯಾರಿ ಎಂಬ ಹೆಸರು 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತೆಂದು ವಿದ್ವಾಂಸರು ಹೇಳುತ್ತಾರೆ. ಒಣಮೀನು, ಉಪ್ಪು, ಬಟ್ಟೆ ಹೊತ್ತು ಘಾಟಿ ಹತ್ತಿದವರಲ್ಲಿ ಕೆಲವರು ಸಂತೆಯಿಂದ ಸಂತೆಗೆ ಹೋಗುತ್ತ ಅಲ್ಲಿಯೇ ಅಂಗಡಿ ಹಾಕಿದರು, ಮನೆ ಮಾಡಿದರು. ಇಂದು ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆಗಳಲ್ಲಿ ಬ್ಯಾರಿ ಮಾತನಾಡುವ ಮನೆಗಳೂ ಉರ್ದು ಮಾತನಾಡುವ ಮನೆಗಳೂ ಒಂದೇ ಮಸೀದಿಯ ಜಮಾಅತಿನಲ್ಲಿ ಸಿಗುತ್ತವೆ. ಕರಾವಳಿಯ ಬ್ಯಾರಿಗೆ ಉರ್ದು ಬಾರದು, ಮೇಲಿನ ಉರ್ದುವಿನವನಿಗೆ ಬ್ಯಾರಿ ಬಾರದು. ಇಬ್ಬರೂ ಚೌಕಾಸಿ ಮಾಡುವುದು, ಮದುವೆ ಮಾತುಕತೆ ನಡೆಸುವುದು, ಜಗಳವಾದರೆ ಪಂಚಾಯಿತಿ ಕೂರುವುದು ಕನ್ನಡದಲ್ಲಿ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಕತೆ ಬರೆಯುವ ನನ್ನಂಥವನಿಗೆ ಇದು ಸಣ್ಣ ಸಂಗತಿಯಲ್ಲ. ಮುಸ್ಲಿಮರ ಕನ್ನಡ ಪುಸ್ತಕದಿಂದ ಬಂದದ್ದಕ್ಕಿಂತ ಹೆಚ್ಚಾಗಿ ಇಂಥ ದಾರಿಗಳ ಮೇಲೆ ನಡೆದು ಬಂದದ್ದು.

ಬಸ್ಸು ಬಂದಿತು, ರೈಲು ತಡವಾಯಿತು

ಕರಾವಳಿಯಲ್ಲಿ ಮೋಟಾರು ಬಸ್ಸು ಆರಂಭವಾದದ್ದು 1914ರಲ್ಲಿ, ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯಿಂದ. ಜನರ ಬಾಯಲ್ಲಿ ಅದು 'ಸಿ.ಪಿ.ಸಿ.' ಆಯಿತು. ಮೊದಲ ಬಸ್ಸು ಓಡಿದ್ದು ಮಂಗಳೂರಿನಿಂದ ಬಂಟ್ವಾಳಕ್ಕೆ, ಅಂದರೆ ಹಳೆಯ ದೋಣಿಯ ದಾರಿಯ ಬದಿಯಲ್ಲೇ. ಹನುಮಾನ್, ಶಂಕರ್ ಮೊದಲಾದ ಕಂಪೆನಿಗಳು ಅನಂತರ ಬಂದವು. ಗಾಡಿಯಲ್ಲಿ ಜಾಗ ಸಿಗದವನಿಗೆ ಬಸ್ಸಿನಲ್ಲಿ ಟಿಕೇಟು ಸಿಕ್ಕಿತು. ಮನುಷ್ಯನನ್ನು ಸರಕಿನ ಬಾಲವಾಗಿ ನೋಡದೆ ಪ್ರಯಾಣಿಕನೆಂದು ಒಪ್ಪಿಕೊಂಡ ಮೊದಲ ವಾಹನ ಬಸ್ಸು ಎನ್ನಬಹುದು.

ಮೈಸೂರು ಸರಕಾರ 1948ರಲ್ಲಿ ತನ್ನದೇ ಸಾರಿಗೆ ಇಲಾಖೆ ಆರಂಭಿಸಿತು. ಅದೇ ಮುಂದೆ 1961ರಲ್ಲಿ ನಿಗಮವಾಯಿತು. ಕರಾವಳಿಯಲ್ಲಿ ಮಾತ್ರ ಖಾಸಗಿ ಬಸ್ಸುಗಳ ಕಾಲ ಮುಗಿಯಲಿಲ್ಲ. ಮಲೆನಾಡಿನ ಕೊಪ್ಪದಲ್ಲಿ ಶಂಕರ್ ಕಂಪೆನಿ ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರೇ ಸೇರಿ 1991ರಲ್ಲಿ 'ಸಹಕಾರ ಸಾರಿಗೆ' ಕಟ್ಟಿದರು. ಚಾಲಕ, ನಿರ್ವಾಹಕರೇ ಮಾಲೀಕರಾದ ಈ ಬಸ್ಸುಗಳು ದೊಡ್ಡ ಬಸ್ಸು ಹೋಗದ ಹಳ್ಳಿಗಳಿಗೂ ಹೋದವು. 2020ರಲ್ಲಿ ಅದು ನಿಂತುಹೋದಾಗ ಶಾಲೆಗೆ ಹೋಗುವ ಎಷ್ಟೋ ಮಕ್ಕಳಿಗೆ ಮಾರ್ಗ ತಪ್ಪಿತು.

ರೈಲಿನ ಕತೆ ಬೇರೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಮಲಬಾರಿನ ಕಡೆಯಿಂದ. ಅದು ಮದರಾಸಿಗೆ ಹೋಗುವ ದಾರಿ. ಹಾಗಾಗಿ ಮಂಗಳೂರಿನವನು ರೈಲು ಹತ್ತಿ ಮದರಾಸಿಗೆ ಹೋಗಿ ಬರಬಹುದಿತ್ತು, ನೆತ್ತಿಯ ಮೇಲಿನ ಮಲೆನಾಡಿಗೆ ಹೋಗುವಂತಿರಲಿಲ್ಲ. ಮಂಗಳೂರು–ಹಾಸನ ಮೀಟರ್‌ಗೇಜ್ ಹಳಿ ಪೂರ್ಣಗೊಂಡದ್ದು 1979ರಲ್ಲಿ, 72 ವರ್ಷಗಳ ನಂತರ. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ನೂರಕ್ಕೂ ಮೀರಿದ ಸೇತುವೆಗಳು. ಹಳಿ 50 ಅಡಿ ಸಾಗಿದರೆ 1 ಅಡಿ ಏರುತ್ತದೆ. ಇಷ್ಟು ಕಷ್ಟಪಟ್ಟು ಹಾಕಿದ ಹಳಿಯನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದರು. 2006ರಲ್ಲಿ ಮೊದಲು ಓಡಿದ್ದು ಗೂಡ್ಸ್ ರೈಲು. ಜನರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಸರಕು ಮೊದಲು, ಜನ ಅನಂತರ ಎಂಬ ಘಟ್ಟದ ಹಳೆಯ ಕ್ರಮ ಇಲ್ಲಿಯೂ ತಪ್ಪಲಿಲ್ಲ.

ನೆಲದಡಿಯ ದಾರಿ

ಇಷ್ಟಕ್ಕೇ ಮುಗಿಯಲಿಲ್ಲ. ಘಟ್ಟ ದಾಟಲು ಕೊಳವೆಯೂ ಒಂದು ವಾಹನವಾಯಿತು. ಕುದುರೆಮುಖದ ಕಬ್ಬಿಣದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. 2005ರ ಕೊನೆಗೆ ಅಲ್ಲಿನ ಗಣಿ ಮುಚ್ಚಿತು. ಇತ್ತ ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ 362 ಕಿಲೋಮೀಟರ್ ಉದ್ದದ ತೈಲ ಕೊಳವೆ 2003ರಲ್ಲಿ ಕೆಲಸ ಆರಂಭಿಸಿತು. ಅದರ ಪಂಪಿಂಗ್ ಕೇಂದ್ರಗಳಲ್ಲಿ ಒಂದು ಚಾರ್ಮಾಡಿಯ ನೆರೆಯ ಊರಾದ ನೆರಿಯದಲ್ಲಿದೆ. ಪೆಟ್ರೋಲು, ಡೀಸೆಲು ಅಲ್ಲಿಂದ ಒತ್ತಡ ಪಡೆದು ಘಟ್ಟ ಏರುತ್ತವೆ. ಅವುಗಳಿಗೆ ತಿರುವಿಲ್ಲ, ಮಂಜಿಲ್ಲ, ಚೆಕ್‌ಪೋಸ್ಟಿಲ್ಲ. ಮೇಲೆ ರಸ್ತೆಯಲ್ಲಿ ಮರ ಬಿದ್ದು ಬಸ್ಸು ನಿಂತಿರುವಾಗಲೂ ಬಸ್ಸಿಗೆ ಬೇಕಾದ ಡೀಸೆಲು ಕೆಳಗೆ ಮಣ್ಣಿನಡಿಯಲ್ಲಿ ಹರಿಯುತ್ತಿರುತ್ತದೆ!

ಇದನ್ನು ದೂರಾಗಿ ಹೇಳುತ್ತಿಲ್ಲ. ಕೊಳವೆ ಬಂದುದರಿಂದ ಎಷ್ಟೋ ಟ್ಯಾಂಕರುಗಳು ರಸ್ತೆಯಿಂದ ಇಳಿದವು, ಅದು ಒಳ್ಳೆಯದೇ. ಆದರೆ ಒಂದು ಹೋಲಿಕೆಯನ್ನು ಮಾಡಲೇಬೇಕಾಗುತ್ತದೆ. ಸರಕಿಗೆ ನಾವು ಮಳೆಗಾಲ ತಟ್ಟದ ದಾರಿಯೊಂದನ್ನು ಮಾಡಿಕೊಟ್ಟೆವು. ಮನುಷ್ಯನಿಗೆ ಹೇರೆತ್ತಿನ ಕಾಲದ ಪಂಚಾಂಗವನ್ನೇ ಉಳಿಸಿದೆವು.

ಆ ಪಂಚಾಂಗ ಹೇಗಿದೆ ನೋಡಿ. 2015ರಲ್ಲಿಯೂ 2018ರಲ್ಲಿಯೂ ಕಾಂಕ್ರೀಟು ಹಾಕಲೆಂದು ಶಿರಾಡಿಯನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಅದರ ವಾಹನಗಳ ಭಾರ ಚಾರ್ಮಾಡಿಯ ಮೇಲೆ ಬಿತ್ತು. 2018ರ ಆಗಸ್ಟಿನ ಮಳೆಯಲ್ಲಿ ಶಿರಾಡಿ, ಸಂಪಾಜೆಗಳೆರಡೂ ಕುಸಿದವು, ರೈಲು ಹಳಿಯ ಮೇಲೂ ಗುಡ್ಡ ಜಾರಿತು. ಮರುವರ್ಷ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ರಸ್ತೆ ಹಲವು ಕಡೆ ಕುಸಿಯಿತು, ಕೆಳಗೆ ಮೃತ್ಯುಂಜಯ ನದಿ ತೋಟ ಮನೆಗಳಿಗೆ ನುಗ್ಗಿತು. ತಿಂಗಳುಗಳ ಕಾಲ ಸಂಚಾರ ನಿಂತಿತು. ಮತ್ತೆ ತೆರೆದಾಗ ಮೊದಲು ಬಿಟ್ಟದ್ದು ಸಣ್ಣ ವಾಹನಗಳನ್ನು, ಅದೂ ಹಗಲಿನಲ್ಲಿ. 2024ರ ಜುಲೈಯಲ್ಲಿ ಶಿರಾಡಿ ರಸ್ತೆಯೂ ರೈಲು ಹಳಿಯೂ ಮತ್ತೆ ಕುಸಿತಕ್ಕೆ ಸಿಕ್ಕವು. ಒಂದು ದಾರಿ ಮುಚ್ಚಿದರೆ ಇನ್ನೊಂದಿದೆ ಎಂಬ ನಮ್ಮ ಧೈರ್ಯ ಮಳೆಗಾಲದಲ್ಲಿ ನಿಲ್ಲುವುದಿಲ್ಲ. ಎಲ್ಲ ದಾರಿಗಳೂ ಒಂದೇ ಘಟ್ಟದ ಮೈಮೇಲಿವೆ, ಒಂದೇ ಮಳೆಗೆ ನೆನೆಯುತ್ತವೆ.

ಯಾರ ದಾರಿ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ದೊಡ್ಡ ಲಾರಿಗೆ ಶಿರಾಡಿ ಒಳ್ಳೆಯದು, ಅಲ್ಲಿ ರಸ್ತೆ ಅಗಲ. ಬಂದರಿನ ಸರಕಿಗೆ ರೈಲಿದೆ, ತೈಲಕ್ಕೆ ಕೊಳವೆ ಇದೆ. ಸಮಯವಿದ್ದು ಕಾಡು ನೋಡಬೇಕೆಂದಿರುವವರಿಗೆ 2021ರಿಂದ ಗಾಜಿನ ಬೋಗಿಯ ರೈಲೂ ಬಂದಿದೆ. ಇವರೆಲ್ಲರನ್ನು ಬಿಟ್ಟ ಮೇಲೆ ಚಾರ್ಮಾಡಿಯಲ್ಲಿ ಉಳಿಯುವವರು ಯಾರು?

ಕೆಂಪು ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತ ಕುಳಿತವರನ್ನು ನೋಡಿದರೆ ಉತ್ತರ ಸಿಗುತ್ತದೆ. ಉಜಿರೆ, ಮಂಗಳೂರಿನ ಕಾಲೇಜುಗಳಿಗೆ ಹೋಗುವ ಮಲೆನಾಡಿನ ಮಕ್ಕಳು. ಧರ್ಮಸ್ಥಳಕ್ಕೆ ಹೊರಟ ಭಕ್ತರು, ಕಾಜೂರು, ಉಳ್ಳಾಲದ ಉರೂಸಿಗೆ ಹೊರಟ ಕುಟುಂಬಗಳು. ಶಿವರಾತ್ರಿಯ ಮುನ್ನ ಇದೇ ತಿರುವುಗಳಲ್ಲಿ ಧರ್ಮಸ್ಥಳದ ಪಾದಯಾತ್ರಿಗಳು ಸಾಲುಗಟ್ಟುತ್ತಾರೆ. ಗಲ್ಫಿನ ವಿಮಾನ ಹಿಡಿಯಲು ಮಂಗಳೂರಿಗೆ ಇಳಿಯುವ ಹುಡುಗರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೇಟಿನ ಚಿಂತೆಯಿಲ್ಲದೆ ತವರಿಗೆ ಹೋಗಿಬರುವ ಹೆಂಗಸರು. ಘಾಟಿಯ ನಡುವೆ ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಬಸ್ಸು ನಿಧಾನವಾದಾಗ ಚಾಲಕ ಕೈಮುಗಿಯುತ್ತಾನೆ, ಹಿಂದಿನ ಸೀಟಿನಲ್ಲಿ ಯಾರೋ ಅಜ್ಜಿ ತಸ್ಬೀಹ್ ಎಣಿಸುತ್ತಿರುತ್ತಾರೆ. ಹೆದರಿಕೆ ಒಂದೇ, ಹಾರೈಕೆಯೂ ಒಂದೇ.

ಇವರೆಲ್ಲರಿಗಿಂತ ಮುಖ್ಯರಾದವರು ರೋಗಿಗಳು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ 1848ರದ್ದು, ಫಾದರ್ ಮುಲ್ಲರ್ ಆಸ್ಪತ್ರೆ 1880ರದ್ದು, ಕಸ್ತೂರಬಾ ವೈದ್ಯಕೀಯ ಕಾಲೇಜು 1955ರಲ್ಲಿ ಬಂತು. ಹಲವು ತಲೆಮಾರುಗಳಿಂದ ಮೂಡಿಗೆರೆ ಸೀಮೆಯವರು ಕಷ್ಟದ ಹೆರಿಗೆಗೆ, ಹೃದಯದ ಕಾಯಿಲೆಗೆ, ಅಪಘಾತಕ್ಕೆ ಹೋಗುವುದು ಘಟ್ಟದ ಕೆಳಗೆ. ಕೊಟ್ಟಿಗೆಹಾರದಿಂದ ಉಜಿರೆಗೆ 40 ಕಿಲೋಮೀಟರಿಗಿಂತ ಕಡಿಮೆ. ಚಾರ್ಮಾಡಿ ಮುಚ್ಚಿದರೆ ಸಕಲೇಶಪುರ ಸುತ್ತಿದರೂ ಕುದುರೆಮುಖ ಸುತ್ತಿದರೂ ಅದು 100 ಕಿಲೋಮೀಟರ್ ಮೀರುತ್ತದೆ. ಹೇರೆತ್ತಿನವನು ಮಳೆ ನಿಲ್ಲುವವರೆಗೆ ಕಾಯಬಲ್ಲ. ಹೆರಿಗೆ ನೋವು ಕಾಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಗುಡ್ಡ ಕಡಿದು ರಸ್ತೆಯನ್ನು ಇನ್ನೂ ಅಗಲ ಮಾಡುವುದು ಎಲ್ಲರ ಬಾಯಿಗೂ ಮೊದಲು ಬರುವ ಮಾತು. ಆದರೆ ಈ ನೆಲ ಯಾವುದು ಎಂಬುದನ್ನು ಮರೆಯಬಾರದು. ಕೊಟ್ಟಿಗೆಹಾರದ ಆಸುಪಾಸಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತದೆ, ಇತ್ತ ಇಳಿಯುವ ಹಳ್ಳಗಳು ನೇತ್ರಾವತಿಯಾಗಿ ಕಡಲು ಸೇರುತ್ತವೆ. ಎರಡು ಕಡಲುಗಳಿಗೆ ನೀರು ಹಂಚುವ ನೆತ್ತಿ ಇದು. ಕಡಿದಾದ ಇಳಿಜಾರಿನ ಬುಡವನ್ನು ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ಮಳೆನೀರು ಇಂಗಿ ಭಾರವಾದ ಮಣ್ಣು ಒಟ್ಟಾಗಿ ಜಾರುತ್ತದೆ.

ಚಾರ್ಮಾಡಿಯನ್ನು ಜನರ ದಾರಿ ಎಂದು ಒಪ್ಪಿಕೊಳ್ಳುವುದು ಇನ್ನೊಂದು ಉಪಾಯ. ಭಾರದ ಸರಕು ಶಿರಾಡಿಗೂ ಹಳಿಗೂ ಹೋಗಲಿ. ಇಲ್ಲಿ ಸಣ್ಣ ಬಸ್ಸುಗಳು ಹೆಚ್ಚು ಸಲ ಓಡಲಿ. ಚರಂಡಿ, ಮೋರಿ, ತಡೆಗೋಡೆಗಳ ಕೆಲಸ ಮಳೆಗೆ ಮೊದಲೇ ಮುಗಿಯಲಿ. ಮಳೆಗಾಲದ ರಾತ್ರಿಗಳಲ್ಲಿ ಎರಡೂ ತುದಿಯಲ್ಲಿ ಒಂದೊಂದು ಆಂಬುಲೆನ್ಸ್, ಮಣ್ಣು ಸರಿಸುವ ಒಂದೊಂದು ಯಂತ್ರ ಸಿದ್ಧವಾಗಿ ನಿಲ್ಲಲಿ. ಇವು ದೊಡ್ಡ ಯೋಜನೆಗಳಲ್ಲ, ಶಂಕುಸ್ಥಾಪನೆಯ ಕಲ್ಲಿಗೆ ಒಗ್ಗುವಂಥವೂ ಅಲ್ಲ. ಆದರೆ ಒಂದು ಜೀವ ಘಟ್ಟ ಇಳಿಯುವುದು ಇಂಥವುಗಳಿಂದಲೇ.

ಮೆಣಸು, ಉಪ್ಪು, ಕಾಫಿ, ಹಂಚು, ಅದಿರು, ಎಣ್ಣೆ, ಘಟ್ಟ ಎಲ್ಲವನ್ನೂ ದಾಟಿಸಿದೆ. ಪ್ರತಿಯೊಂದಕ್ಕೂ ಆಯಾ ಕಾಲದ ಆಳುವವರು ತಕ್ಕ ದಾರಿ ಮಾಡಿಕೊಟ್ಟರು. ಒಡೆತನವಿಲ್ಲದ, ಸುಂಕ ಹುಟ್ಟಿಸದ ಒಂದು ಹೊರೆ ಮಾತ್ರ ಇನ್ನೂ ತನ್ನ ಸರದಿಗಾಗಿ ಚಾರ್ಮಾಡಿಯ ಚೆಕ್‌ಪೋಸ್ಟಿನಲ್ಲಿ ನಿಂತಿದೆ. ಅದು ಆಸ್ಪತ್ರೆಗೋ ಕಾಲೇಜಿಗೋ ತವರಿಗೋ ಹೊರಟ ಸಾಮಾನ್ಯ ಮನುಷ್ಯ.